ಮಾರಾಟದ ವಿವರಕ್ಕೆ ನಾಲ್ಕು ಚಿಹ್ನೆ ಸಾಕು

ಹಳೇ ಓದುವ ಮೇಜನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟಿದ್ದೀರಿ. ಅಳತೆ, ಬೆಲೆ, ಕಾಲಿನ ಬಿರುಕು ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಟೈಪ್ ಮಾಡಿದಿರಿ. ಪ್ರಕಟವಾದ ಮೇಲೆ ನೋಡಿದರೆ ಎಲ್ಲವೂ ಒಂದೇ ಪ್ಯಾರಾದಲ್ಲಿ ಕಲಸಿಹೋಗಿದೆ! ವಿವರ ಬರೆಯುವ ಪೆಟ್ಟಿಗೆಯ ಕೆಳಗೆ ‘ಮಾರ್ಕ್‌ಡೌನ್ ಬಳಸಬಹುದು’ ಎಂಬ ಸಣ್ಣಕ್ಷರದ ಸೂಚನೆ ಇತ್ತೇ? ಹಾಗಿದ್ದರೆ ಕಾರಣ ಅದೇ, ಪರಿಹಾರವೂ ಅದೇ.

ಮಾರ್ಕ್‌ಡೌನ್ ಎಂದರೆ ಸಾದಾ ಪಠ್ಯದಲ್ಲೇ ಚಿಹ್ನೆ ಹಾಕಿ ಶೀರ್ಷಿಕೆ, ಪಟ್ಟಿ, ದಪ್ಪಕ್ಷರ ಸೂಚಿಸುವ ಕ್ರಮ. ಅದನ್ನು 2004ರಲ್ಲಿ ರೂಪಿಸಿದವರು ಜಾನ್ ಗ್ರೂಬರ್; ಅವರಿಗೆ ನೆರವಾದವರು ಆರನ್ ಸ್ವಾರ್ಟ್ಜ್. ಇದರಲ್ಲಿ ವೆಬ್ ಪುಟ ರೂಪಿಸುವ ಎಚ್‌ಟಿಎಂಎಲ್ ಟ್ಯಾಗುಗಳ ಗೋಜಿಲ್ಲ. ಕೀಲಿಮಣೆಯ ಮಾಮೂಲಿ ಚಿಹ್ನೆಗಳೇ ಸಾಕು.

ಮೊದಲು ಸಾಲು ಬಿಡಿಸಿ. ಬರೀ ಒಂದು ಎಂಟರ್ ಹೊಡೆದರೆ ಮಾರ್ಕ್‌ಡೌನ್ ಸಾಮಾನ್ಯವಾಗಿ ಎರಡೂ ಸಾಲನ್ನು ಕೂಡಿಸಿಬಿಡುತ್ತದೆ. ಹೊಸ ಪ್ಯಾರಾ ಬೇಕಿದ್ದರೆ ನಡುವೆ ಒಂದು ಸಾಲು ಖಾಲಿ ಬಿಡಿ. ಪ್ಯಾರಾ ಬೇಡ, ಸಾಲು ಮುರಿದರೆ ಸಾಕು ಎನ್ನುವಲ್ಲಿ ಸಾಲಿನ ಕೊನೆಗೆ ಎರಡು ಸ್ಪೇಸ್ ಕೊಟ್ಟು ಎಂಟರ್ ಒತ್ತಿ.

ಆಮೇಲೆ ಉಪಶೀರ್ಷಿಕೆ, ಪಟ್ಟಿ. ಹೀಗೆ ಟೈಪ್ ಮಾಡಿ:

```
## ಸ್ಥಿತಿ

- ಮೇಲ್ಭಾಗ: ಗೀರಿಲ್ಲ
- ಕಾಲು: ಒಂದರಲ್ಲಿ ಸಣ್ಣ ಬಿರುಕು
- ಡ್ರಾಯರ್: ಬೀಗದ ಕೈ ಇಲ್ಲ
```

ಹ್ಯಾಶ್ ಆದ ಮೇಲೆ, ಅಡ್ಡಗೆರೆ ಆದ ಮೇಲೆ ಒಂದು ಸ್ಪೇಸ್ ಇರಲೇಬೇಕು. ಪಟ್ಟಿಗೆ ಮುಂಚೆ ಖಾಲಿ ಸಾಲು ಬಿಟ್ಟರೆ ಎಲ್ಲ ಕಡೆಯೂ ಸುರಕ್ಷಿತ. ಒಂದೇ ಹ್ಯಾಶ್ ಹಾಕಿದರೆ ಅಕ್ಷರ ತೀರಾ ದೊಡ್ಡದಾಗುತ್ತದೆ, ಎರಡು ಅಥವಾ ಮೂರು ಹದವಾಗಿರುತ್ತದೆ.

ದಪ್ಪಕ್ಷರದಲ್ಲಿ ಜಿಪುಣರಾಗಿ. ಎರಡೆರಡು ನಕ್ಷತ್ರದ ನಡುವಿನ ಪದ ದಪ್ಪವಾಗುತ್ತದೆ: `**ಬಿರುಕು**`. ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದೇ ನಕ್ಷತ್ರ ಹಾಕಿ ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ, ಮಾರ್ಕ್‌ಡೌನ್‌ನಲ್ಲಿ ಅದು ಓರೆ ಅಕ್ಷರ. ಕನ್ನಡ ಲಿಪಿಗೆ ಓರೆ ಅಕ್ಷರ ಒಪ್ಪುವುದೂ ಇಲ್ಲ, ಅದನ್ನು ಬಿಟ್ಟೇಬಿಡಿ. ಪದದ ಅರ್ಧಕ್ಕೆ, ಅಂದರೆ ವಿಭಕ್ತಿ ಪ್ರತ್ಯಯ ಬಿಟ್ಟು, ದಪ್ಪ ಮಾಡಬೇಕಿದ್ದರೆ ನಕ್ಷತ್ರವನ್ನೇ ಬಳಸಿ. ನಕ್ಷತ್ರದ ಬದಲು ಕೆಲವರು ಹಾಕುವ ಅಂಡರ್‌ಸ್ಕೋರ್ (`_`) ಪದದ ನಡುವೆ ಬಹುತೇಕ ಕಡೆ ಕೆಲಸ ಮಾಡುವುದಿಲ್ಲ. ಇನ್ನು ಯಾವುದನ್ನು ದಪ್ಪ ಮಾಡಬೇಕು? ನನ್ನ ಪ್ರಕಾರ ದೋಷವನ್ನು. ‘ಅರ್ಜೆಂಟ್ ಸೇಲ್’ ಎಂದು ದಪ್ಪಗೆ ಬರೆದವರಿಗಿಂತ ಬಿರುಕನ್ನು ದಪ್ಪಗೆ ತೋರಿಸಿದವರನ್ನು ನಾನು ಬೇಗ ನಂಬುತ್ತೇನೆ.

ಅಂಕಿಗಳ ಬಗ್ಗೆ ಎಚ್ಚರ. ಮಾರಾಟದ ವಿವರದಲ್ಲಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಅಳತೆಯನ್ನು `120*60*75` ಎಂದು ಬರೆದರೆ ನಕ್ಷತ್ರಗಳು ಮಾಯವಾಗಿ, 60 ಓರೆಯಾಗಿ, ಕೊಳ್ಳುವವರಿಗೆ 1206075 ಎಂಬ ವಿಚಿತ್ರ ಸಂಖ್ಯೆ ಕಾಣುತ್ತದೆ. ಗುಣಾಕಾರದ × ಚಿಹ್ನೆ ಬಳಸಿ, ಇಲ್ಲವೇ ಪ್ರತಿ ನಕ್ಷತ್ರದ ಹಿಂದೆ ಬ್ಯಾಕ್‌ಸ್ಲ್ಯಾಷ್ ಹಾಕಿ: `120\*60\*75`. ಪ್ಯಾರಾವನ್ನು ‘2019. ಆಗ ಕೊಂಡದ್ದು’ ಎಂದು ಶುರು ಮಾಡಿದರೂ ಪೇಚು. ಅಂಕಿ, ಚುಕ್ಕೆ, ಸ್ಪೇಸ್ ಒಟ್ಟಿಗೆ ಬಂದರೆ ಅದು ಕ್ರಮಸಂಖ್ಯೆಯ ಪಟ್ಟಿ ಎಂದೇ ಲೆಕ್ಕ. ‘2019ರಲ್ಲಿ ಕೊಂಡದ್ದು’ ಎಂದರೆ ತೀರಿತು.

ಹಳೇ ಬೆಲೆಯನ್ನು ಹೊಡೆದುಹಾಕುವ `~~` ಚಿಹ್ನೆ, ಕೋಷ್ಟಕ ಇವೆಲ್ಲ ಮೂಲ ಮಾರ್ಕ್‌ಡೌನ್‌ನಲ್ಲಿ ಇರಲಿಲ್ಲ, ಆಮೇಲೆ ಸೇರಿದವು. ಕೆಲವು ತಾಣಗಳು ಒಪ್ಪುತ್ತವೆ, ಕೆಲವು ಇಲ್ಲ.

ಪ್ರಕಟಿಸುವ ಮುನ್ನ ಪ್ರಿವ್ಯೂ ಒತ್ತಿ. ನಕ್ಷತ್ರಗಳು ಹಾಗೇ ಉಳಿದಿದ್ದರೆ, ನಕ್ಷತ್ರಕ್ಕೂ ಒಳಗಿನ ಪದಕ್ಕೂ ನಡುವೆ ಸ್ಪೇಸ್ ನುಸುಳಿದೆಯೇ ನೋಡಿ: `** ಬೆಲೆ **` ನಡೆಯದು, `**ಬೆಲೆ**` ನಡೆಯುತ್ತದೆ. ಅದೂ ಸರಿಯಿದ್ದರೆ ಆ ತಾಣ ಮಾರ್ಕ್‌ಡೌನ್ ಒಪ್ಪುತ್ತಿಲ್ಲ ಎಂದರ್ಥ. ಆಗ ಹ್ಯಾಶ್, ನಕ್ಷತ್ರಗಳನ್ನು ಅಳಿಸಿ. ಅಡ್ಡಗೆರೆಗಳು ಇರಲಿ, ಅವು ಬರೀ ಪಠ್ಯದಲ್ಲೂ ಪಟ್ಟಿಯಂತೆಯೇ ಕಾಣುತ್ತವೆ.