ರಾಷ್ಟ್ರಪತಿ ಭವನದ ಒಳಗೆ ಹೋಗಿ ನೋಡುವುದು ಹೇಗೆ?

ದೆಹಲಿಗೆ ಹೋದವರಲ್ಲಿ ರಾಷ್ಟ್ರಪತಿ ಭವನವನ್ನು ಗೇಟಿನಾಚೆಯಿಂದ ನೋಡಿ, ಒಂದು ಸೆಲ್ಫಿ ತೆಗೆದುಕೊಂಡು ವಾಪಸಾಗುವವರೇ ಜಾಸ್ತಿ. ಒಳಗೆ ಹೋಗಲು ಸಂಸದರ ಪತ್ರ ಬೇಕು, ದೊಡ್ಡವರ ಪರಿಚಯ ಬೇಕು ಎಂಬ ಅಳುಕು. ಅದೇನೂ ಬೇಡ. ಗುರುತಿನ ಚೀಟಿ ಇರಬೇಕು, ಮೊದಲೇ ಬುಕ್ ಮಾಡಿರಬೇಕು, ಅಷ್ಟೇ.

ಮೊದಲು ಏನು ನೋಡಬೇಕು ಅಂತ ತೀರ್ಮಾನಿಸಿ. ಮುಖ್ಯ ಕಟ್ಟಡ, ಮ್ಯೂಸಿಯಂ, ತೋಟ ಮೂರಕ್ಕೂ ಬುಕಿಂಗ್ ಬೇರೆ ಬೇರೆ. ಫೆಬ್ರುವರಿ–ಮಾರ್ಚ್ ಬಂತೆಂದರೆ ಜನ ಅಮೃತ ಉದ್ಯಾನಕ್ಕೆ ಮುಗಿಬೀಳುತ್ತಾರೆ. 2023ರವರೆಗೆ ಮೊಘಲ್ ಗಾರ್ಡನ್ ಅನ್ನುತ್ತಿದ್ದುದು ಇದನ್ನೇ. ಟುಲಿಪ್, ಗುಲಾಬಿ ಚೆನ್ನಾಗಿರುತ್ತವೆ, ಇಲ್ಲ ಅನ್ನಲ್ಲ. ಆದರೆ ಒಂದಕ್ಕೆ ಮಾತ್ರ ಸಮಯವಿದ್ದರೆ ನನ್ನ ಓಟು ಮುಖ್ಯ ಕಟ್ಟಡಕ್ಕೆ.

ಬುಕಿಂಗ್ ರಾಷ್ಟ್ರಪತಿ ಭವನದ ಅಧಿಕೃತ ವೆಬ್‌ಸೈಟಿನಲ್ಲೇ ಆಗುತ್ತದೆ. ದಿನ, ಸಮಯ ಆರಿಸಿ, ಬರುವವರ ಹೆಸರು, ಗುರುತಿನ ಚೀಟಿಯ ವಿವರ ತುಂಬಿಸಿ. ಮುಖ್ಯ ಕಟ್ಟಡಕ್ಕೆ ತಲಾ 50 ರೂಪಾಯಿ. ಶನಿವಾರ, ಭಾನುವಾರದ ಸೀಟು ಬೇಗ ಮುಗಿಯುತ್ತವೆ. ಸರ್ಕಾರಿ ಸಮಾರಂಭವೋ ವಿದೇಶಿ ಗಣ್ಯರ ಭೇಟಿಯೋ ಬಂದರೆ ಪ್ರವೇಶ ಬಂದ್ ಆಗಬಹುದು. ಹಾಗಾಗಿ ದೆಹಲಿಯ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

ಹೊರಡುವ ಮುನ್ನ ಟಿಕೆಟಿನಲ್ಲಿರುವ ಗೇಟ್ ನಂಬರ್ ನೋಡಿಕೊಳ್ಳಿ. ಆವರಣವೇ ಸುಮಾರು 330 ಎಕರೆ, ಗೇಟುಗಳ ನಡುವೆ ಭಾರೀ ದೂರ. ಬುಕಿಂಗ್‌ನಲ್ಲಿ ಕೊಟ್ಟ ಗುರುತಿನ ಚೀಟಿಯ ಅಸಲನ್ನೇ ಒಯ್ಯಿರಿ. ದೊಡ್ಡ ಬ್ಯಾಗು ರೂಮಿನಲ್ಲೇ ಇರಲಿ.

ಸ್ವಲ್ಪ ಬೇಗ ಹೊರಟು, ಸೆಂಟ್ರಲ್ ಸೆಕ್ರೆಟೇರಿಯಟ್ ಮೆಟ್ರೊದಲ್ಲಿ ಇಳಿದು, ಕರ್ತವ್ಯ ಪಥದಲ್ಲಿ ರೈಸಿನಾ ಗುಡ್ಡದ ಕಡೆಗೆ ನಡೆದು ನೋಡಿ. ದೂರದಿಂದ ಎದ್ದು ಕಾಣುವ ಭವನ, ಏರು ಹತ್ತಿರವಾದಂತೆ ಕೆಳಗಿನಿಂದ ಮರೆಯಾಗುತ್ತಾ ಹೋಗಿ ಗುಮ್ಮಟವಷ್ಟೇ ಉಳಿಯುತ್ತದೆ. ಭವನ ಕಟ್ಟಿದ ಎಡ್ವಿನ್ ಲುಟೆನ್ಸ್‌ಗೂ, ಪಕ್ಕದ ಎರಡು ಸೆಕ್ರೆಟೇರಿಯಟ್ ಕಟ್ಟಡಗಳನ್ನು ಕಟ್ಟಿದ ಹರ್ಬರ್ಟ್ ಬೇಕರ್‌ಗೂ ಮನಸ್ತಾಪವಾಗಿದ್ದು ಈ ಏರಿನ ವಿಷಯಕ್ಕೇ. ಇಳಿಜಾರು ಕಮ್ಮಿ ಮಾಡಿಸಲು ಲುಟೆನ್ಸ್ ಪಟ್ಟುಹಿಡಿದರು, ಯಾರೂ ಕೇಳಲಿಲ್ಲ.

ಒಳಗೆ ಗೈಡ್ ಜೊತೆ ಗುಂಪಾಗಿ ಕರೆದೊಯ್ಯುತ್ತಾರೆ. ಫೋಟೊ ತೆಗೆಯುವಂತಿಲ್ಲ. 340 ಕೋಣೆಗಳಲ್ಲಿ ನಮಗೆ ಕಾಣಿಸುವುದು ಕೆಲವೇ ಕೆಲವು. ಕಂಬಗಳ ತಲೆಯ ಮೂಲೆಗಳಲ್ಲಿ ಕಲ್ಲಿನ ಗಂಟೆಗಳಿವೆ, ಅವನ್ನು ಹತ್ತಿರದಿಂದ ನೋಡಿ. ಗಂಟೆಯ ಸದ್ದು ನಿಂತರೆ ರಾಜ್ಯ ಬೀಳುತ್ತದೆ ಎಂಬ ನಂಬಿಕೆ ಇತ್ತಂತೆ. ಕಲ್ಲಿನ ಗಂಟೆ ಬಾರಿಸುವುದೇ ಇಲ್ಲ, ನಿಲ್ಲುವ ಮಾತೆಲ್ಲಿ? ಆದರೂ 1931ರಲ್ಲಿ ಉದ್ಘಾಟನೆಯಾದ ನವದೆಹಲಿಯಲ್ಲಿ ಬ್ರಿಟಿಷರು ಉಳಿದಿದ್ದು ಬರೀ ಹದಿನಾರು ವರ್ಷ!

ಮುಖ್ಯವಾದದ್ದು ಗಣತಂತ್ರ ಮಂಟಪ, 2024ರವರೆಗಿನ ದರ್ಬಾರ್ ಹಾಲ್. ಗುಮ್ಮಟದ ಕೆಳಗೆ ಸುಮಾರು ಎರಡು ಟನ್ ತೂಕದ ತೂಗುದೀಪ, ರಾಷ್ಟ್ರಪತಿಯ ಆಸನದ ಹಿಂದೆ ಗುಪ್ತರ ಕಾಲದ ಬುದ್ಧ. 2021ರ ನವೆಂಬರ್‌ನಲ್ಲಿ ತುಳಸಿ ಗೌಡ, ಹರೇಕಳ ಹಾಜಬ್ಬ ಬರಿಗಾಲಲ್ಲಿ ಬಂದು ಪದ್ಮಶ್ರೀ ಪಡೆದದ್ದು ಇದೇ ನೆಲದ ಮೇಲೆ. ಟಿವಿಯಲ್ಲಿ ನೋಡಿದ್ದೆವು ಅಲ್ವಾ? ಸಿಂಹಾಸನವಿಟ್ಟು ಮೆರೆಯಲೆಂದು ವೈಸರಾಯ್‌ಗೆ ಕಟ್ಟಿಸಿದ ಜಾಗ ಅದು. ಗೈಡ್ ಮುಂದೆ ಹೋದರೂ ಪರವಾಗಿಲ್ಲ, ಅಲ್ಲಿ ಒಂದು ನಿಮಿಷ ನಿಲ್ಲಿ.

ಅಶೋಕ ಮಂಟಪ ಬ್ರಿಟಿಷರ ಡ್ಯಾನ್ಸ್ ಹಾಲ್ ಆಗಿತ್ತು. ಕತ್ತು ನೋವು ಬಂದರೂ ಸರಿ, ಚಾವಣಿಯ ಪರ್ಷಿಯನ್ ಚಿತ್ರ ತಪ್ಪಿಸಬೇಡಿ. ಮಧ್ಯದಲ್ಲಿ ಕುದುರೆ ಮೇಲೆ ಬೇಟೆಗೆ ಹೊರಟಿರುವವನು ಪರ್ಷಿಯಾದ ದೊರೆ ಫತ್ ಅಲಿ ಶಾ.

ವೈಸರಾಯ್ ಇದ್ದ ಭಾರೀ ಕೋಣೆಗಳಲ್ಲಿ ಈಗ ಉಳಿಯುವುದು ವಿದೇಶಿ ಅತಿಥಿಗಳು. ಆ ವೈಭೋಗ ಬೇಡವೆಂದು ಮೊದಲ ಭಾರತೀಯ ಗವರ್ನರ್ ಜನರಲ್ ರಾಜಾಜಿ ಚಿಕ್ಕ ಕೋಣೆಗಳನ್ನು ಆರಿಸಿಕೊಂಡರು, ಆಮೇಲಿನ ರಾಷ್ಟ್ರಪತಿಗಳೂ ಆ ಕಡೆಯಲ್ಲೇ ಇದ್ದಾರೆ.

ಮಕ್ಕಳು ಜೊತೆಗಿದ್ದರೆ ಶನಿವಾರದ ಗಾರ್ಡ್ ಬದಲಾವಣೆಗೂ ಬುಕ್ ಮಾಡಿ, ಕುದುರೆ ಸವಾರರನ್ನು ನೋಡಬಹುದು. ಹಳೆಯ ಲಾಯ ಮತ್ತು ಗ್ಯಾರೇಜುಗಳಲ್ಲಿ ಮಾಡಿರುವ ಮ್ಯೂಸಿಯಂ ಅನ್ನು ಅದೇ ದಿನ ಸೇರಿಸಿಕೊಳ್ಳುವುದಾದರೆ ನಡುವೆ ಊಟಕ್ಕೆ ಬಿಡುವಿರಲಿ. ನಡಿಗೆ ಜಾಸ್ತಿ, ಹೊಸ ಚಪ್ಪಲಿ ಬೇಡ.