ಕಿರ್ದಿ ಹಾಕಿಕೊಂಡು ಓದಿದ ಕಾದಂಬರಿ

ಗದಗಿನ ಅಡತಿ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದವನು ನಾನು. 1858ರಲ್ಲಿ ಕಂಪನಿ ಸರಕಾರದ ವಿರುದ್ಧ ನಡೆದ ನರಗುಂದ ಬಂಡಾಯವನ್ನು ಕುರಿತ ದೊಡ್ಡ ಕಾದಂಬರಿಯೊಂದನ್ನು ಮೊದಲ ಸಲ ನೂರು ಪುಟಕ್ಕೇ ಕೆಳಗಿಟ್ಟಾಗ ನನಗಾದದ್ದು ಲೆಕ್ಕ ತಾಳೆಯಾಗದಾಗ ಆಗುವಂಥ ಸಂಕಟ. ಸಂಸ್ಥಾನದ ಕಾರಕೂನ, ವಾಡೆಯ ಅಡುಗೆಯಾಕೆ, ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಜೊತೆಗಿದ್ದ ಸವಾರ, ಸುರೇಬಾನದ ನೇಕಾರ ಹೀಗೆ ನಾಲ್ವರು ಸರದಿಯ ಮೇಲೆ ಕಥೆ ಹೇಳುತ್ತಾರೆ. ಅಧ್ಯಾಯದ ತಲೆಗೆ ಹೇಳುವವರ ಹೆಸರಿದೆ, ತಾರೀಖಿಲ್ಲ. ಒಬ್ಬರ ಅಧ್ಯಾಯದಲ್ಲಿ ಸತ್ತವನು ಮುಂದಿನವರ ಅಧ್ಯಾಯದಲ್ಲಿ ಎಲೆಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಾನೆ.

ಆರು ತಿಂಗಳ ನಂತರ ಮತ್ತೆ ಕೈಗೆತ್ತಿಕೊಂಡಾಗ ನನ್ನ ಕಸುಬೇ ದಾರಿ ತೋರಿಸಿತು. ಅಂಗಡಿಯಲ್ಲಿ ದಿನದ ವ್ಯವಹಾರ ಮೊದಲು ತಾರೀಖಿನ ಪ್ರಕಾರ ಕಿರ್ದಿಗೆ ಏರುತ್ತದೆ. ಆಮೇಲೆ ಅದನ್ನು ಆಯಾ ಆಸಾಮಿಯ ಹೆಸರಿಗೆ ಖತಾವಣಿಯಲ್ಲಿ ಹಚ್ಚುತ್ತೇವೆ. ಈ ಕಾದಂಬರಿಕಾರರು ನಮ್ಮ ಕೈಗೆ ಬರೀ ಖತಾವಣಿ ಕೊಟ್ಟಿದ್ದಾರೆ, ಕಿರ್ದಿಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರೆ ಎಂದು ಹೊಳೆದದ್ದೇ ತಡ, ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಂದು ಹಿಮ್ಮುಖವಾಗಿ ಕಿರ್ದಿ ಬರೆಯಲು ಕುಳಿತೆ.

ತಾರೀಖುಗಳಿಗೆ 1884ರಲ್ಲಿ ಅಚ್ಚಾದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರನ್ನು ಆಧಾರವಾಗಿ ಇಟ್ಟುಕೊಂಡೆ. ಅದೂ ಸರಕಾರದ ಕಡೆಯಿಂದ ಮಾತಾಡುವ ಐದನೆಯ ಕಥೆಗಾರ ಎಂಬುದನ್ನು ಮರೆಯದೆ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ನನ ಕೊಲೆ. ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ, ಅದೇ ಹೊತ್ತಿಗೆ ಬಂಡೆದ್ದಿದ್ದ ಮುಂಡರಗಿ ಭೀಮರಾಯನ ಅಂತ್ಯ. ಜೂನ್ 2ರಂದು ನರಗುಂದದ ಸಂಸ್ಥಾನಿಕ ಬಾಬಾಸಾಹೇಬನ ಸೆರೆ. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲು. ಹದಿನೈದು ದಿನಗಳಲ್ಲಿ ಮುಗಿದುಹೋದ ಈ ಕಥೆ ಕಾದಂಬರಿಯಲ್ಲಿ ನಾನೂರು ಪುಟ ಹಿಡಿದಿದೆ.

ಒಂದು ವಾರ ಬರೆದ ಮೇಲೆ ಒಂದೇ ತಾರೀಖು ಸಾಲದು ಎಂಬುದು ತಿಳಿಯಿತು. ಘಟನೆ ನಡೆದ ದಿನ ಒಂದಾದರೆ ಅದನ್ನು ಹೇಳುತ್ತಿರುವ ದಿನ ಇನ್ನೊಂದು. ಕಾರಕೂನ ಮೇ ತಿಂಗಳಲ್ಲೇ ನಿಂತು ಮಾತಾಡುತ್ತಾನೆ, ಅವನಿಗೆ ಗಲ್ಲಿನ ಸುದ್ದಿ ಗೊತ್ತಿಲ್ಲ. ಅಡುಗೆಯಾಕೆ ಮುಪ್ಪಿನಲ್ಲಿ ಮೊಮ್ಮಕ್ಕಳ ಮುಂದೆ ಹೇಳುತ್ತಾಳೆ, ಆಕೆಗೆ ಎಲ್ಲವೂ ಗೊತ್ತು. ಆಕೆ ‘ಅವತ್ತು ಸಾಹೇಬರು ಎರಡು ರೊಟ್ಟಿ ಹೆಚ್ಚಿಗೆ ಉಂಡರು’ ಎಂದಾಗ ಮೊದಲ ಓದಿನಲ್ಲಿ ಅದೊಂದು ಸಾದಾ ಮಾತಾಗಿತ್ತು. ಆ ದಿನ ಯಾವುದೆಂದು ಕಿರ್ದಿಯಲ್ಲಿ ಹುಡುಕಿ ನೋಡಿದರೆ ಸುರೇಬಾನಕ್ಕೆ ಹೊರಡುವ ಮುನ್ನ ಬಾಬಾಸಾಹೇಬ ವಾಡೆಯಲ್ಲಿ ಉಂಡ ಕೊನೆಯ ಊಟ ಅದು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ನೋಟ್‌ಬುಕ್ಕಿನಲ್ಲಿ ಎರಡನೆಯ ತಾರೀಖಿಗೆಂದು ಇನ್ನೊಂದು ಕಾಲಂ ಹಾಕಿಕೊಂಡೆ.

ನನ್ನನ್ನು ಹೆಚ್ಚು ದಿನ ಕಾಡಿದ್ದು ಬೆಳದಿಂಗಳು. ಬೆಳಗಾವಿಯ ಅಧಿಕಾರಿಗಳ ಮುಂದೆ ಜಬಾನಿ ಕೊಡುವ ಸವಾರ, ಕೊಲೆಯಾದ ರಾತ್ರಿ ಕಣ್ಣಿಗೆ ಕೈ ಕಾಣದಷ್ಟು ಕತ್ತಲಿತ್ತು, ಹೊಡೆದವರ ಮುಖ ಕಾಣಲಿಲ್ಲ ಎನ್ನುತ್ತಾನೆ. ಅದೇ ರಾತ್ರಿ ಮಗ್ಗದ ಕುಣಿಯ ಪಕ್ಕದ ಕಿಟಕಿಯಿಂದ ನೋಡಿದ ನೇಕಾರ, ಕುದುರೆಯ ಬಣ್ಣ ಸಹಿತ ಹೇಳುತ್ತಾನೆ. 1858ರ ಮಾರ್ಚ್ 15ರಂದು ಸೂರ್ಯಗ್ರಹಣವಾಗಿತ್ತೆಂಬುದು ದಾಖಲಾದ ಸಂಗತಿ, ಅಂದರೆ ಅಂದು ಅಮಾವಾಸ್ಯೆ. ಅಲ್ಲಿಂದ ಇಪ್ಪತ್ತೊಂಬತ್ತೂವರೆ ದಿನಕ್ಕೊಂದರಂತೆ ಎರಡು ಅಮಾವಾಸ್ಯೆ ಎಣಿಸಿ, ಅದರ ಮೇಲೆ ಅರ್ಧ ತಿಂಗಳು ಕೂಡಿಸಿದರೆ ಮೇ 28ರ ಆಸುಪಾಸು ಹುಣ್ಣಿಮೆ ಬೀಳುತ್ತದೆ. ಮರುದಿನ ರಾತ್ರಿ ಕಗ್ಗತ್ತಲು ಎಲ್ಲಿಂದ ಬರಬೇಕು? ಲೇಖಕರ ತಪ್ಪು ಸಿಕ್ಕಿತೆಂದು ಹಿಗ್ಗಿ, ನಾವು ಓದುವವರು ಕೂಡುವ ಒಂದು ಭಾನುವಾರ ಅದನ್ನು ಎಲ್ಲರ ಮುಂದೆ ಇಟ್ಟೆ. ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳಾದ ಶಾಲೆಯ ಮೇಡಂ, ‘ರೋಹಿಣಿ ಮಳಿ ದಿನಾ ಅವು, ಕಾಕಾ. ಮೋಡ ಕವಿದಿರಬಾರದೇನು?’ ಎಂದು ಕೇಳಿದಳು. ತುಸು ತಡೆದು ತಾನೇ ಮುಂದುವರಿಸಿ, ‘ಮೋಡಾನೂ ಬ್ಯಾಡ. ತನ್ನ ಸಾಹೇಬನ್ನ ಬಿಟ್ಟು ಓಡಿಬಂದಾವಗ ಕತ್ತಲಿ ಬೇಕಾಗಿತ್ತಲ್ಲ?’ ಎಂದಳು. ಮನೆಗೆ ಬಂದು ಸವಾರನ ಅಧ್ಯಾಯಗಳನ್ನು ಪುನಃ ತಿರುವಿದೆ. ತಾನು ಓಡಿದ್ದನ್ನು ಅವನು ಎಲ್ಲಿಯೂ ಹೇಳುವುದಿಲ್ಲ. ಆದರೆ ಮರುದಿನ ಸೂರ್ಯ ಏರುವ ಹೊತ್ತಿಗೆ ರಾಮದುರ್ಗ ದಾಟಿದ್ದೆ ಎಂದು ಇನ್ನಾವುದೋ ಮಾತಿನ ನಡುವೆ ಬಾಯಿ ಬಿಡುತ್ತಾನೆ. ಲೇಖಕರ ಹೆಸರಿಗೆ ಹಚ್ಚಿದ್ದ ತಪ್ಪನ್ನು ಅಲ್ಲಿ ಹೊಡೆದುಹಾಕಿ ಸವಾರನ ಖಾತೆಗೆ ಹಚ್ಚಿದೆ.

ಕಾರಕೂನನ ವಿಷಯದಲ್ಲಿ ಮೋಸ ಹೋದವನು ನಾನೇ. ಅವನೂ ನನ್ನಂತೆ ಬರೆಯುವವನು, ತಾರೀಖು ತಪ್ಪುವುದಿಲ್ಲ, ಬಾಬಾಸಾಹೇಬ ಕೇಳಿದ ದತ್ತಕಕ್ಕೆ ಕಂಪನಿ ಸರಕಾರ ಅನುಮತಿ ಕೊಡಲಿಲ್ಲವೆಂಬುದನ್ನು ಒಂದು ಅಕ್ಷರ ಹೆಚ್ಚುಕಡಿಮೆ ಮಾಡದೆ ವಿವರಿಸುತ್ತಾನೆ. ಹೀಗಾಗಿ ಅವನನ್ನೇ ನಂಬಿದೆ. ಆ ದತ್ತಕದ ಅರ್ಜಿಗಳ ನಕಲು ಬೆಳಗಾವಿಗೆ ಯಾರ ಕೈಯಿಂದ ಹೋಗುತ್ತಿತ್ತು ಎಂಬುದನ್ನು ಮಾತ್ರ ಅವನು ಬರೆದಿಲ್ಲ. ಅಷ್ಟು ಚೊಕ್ಕ ಲೆಕ್ಕದಲ್ಲಿ ಒಂದೇ ಒಂದು ನೋಂದು ಬಿಟ್ಟಿದ್ದರೆ ಅದು ಮರೆವಿನಿಂದ ಬಿಟ್ಟದ್ದಲ್ಲವೆಂದು ಅಂಗಡಿಯಲ್ಲಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದೆ. ಪುಸ್ತಕದಲ್ಲಿ ಹಿಡಿಯಲು ಎರಡನೆಯ ಓದು ಮುಗಿಯಬೇಕಾಯಿತು.

ಈಗ ಕಿರ್ದಿಯಲ್ಲಿ ಜೂನ್ 2ರ ಸಾಲಿನ ಮುಂದೆ ನೇಕಾರನ ಕಾಲಂ ಖಾಲಿ ಇದೆ. ಕಾರಕೂನನ ಮಾತು ಮೇ ತಿಂಗಳಿಗೇ ನಿಲ್ಲುತ್ತದೆ. ಅಡುಗೆಯಾಕೆ, ಸವಾರ ಇಬ್ಬರೂ ಅಂದು ಎಲ್ಲಿದ್ದೆವೆಂದು ಹೇಳಿದ್ದಾರೆ, ನೇಕಾರನೊಬ್ಬ ಹೇಳಿಲ್ಲ. ಬರುವ ಶ್ರಾವಣದಲ್ಲಿ ಅವನ ಅಧ್ಯಾಯಗಳನ್ನಷ್ಟೇ ಆರಿಸಿ, ಒಂದರ ಬೆನ್ನಿಗೆ ಒಂದರಂತೆ ಓದಬೇಕೆಂದು ಪುಟಗಳ ನಡುವೆ ಚೀಟಿ ಇಟ್ಟಿದ್ದೇನೆ.