ಬೇರೆ ಆಚರಣೆಯ ಬೀಗರನ್ನು ಊಟಕ್ಕೆ ಕರೆಯುವಾಗ

ಅಂತರ್ಜಾತಿ, ಅಂತರ್ಧರ್ಮೀಯ ಮದುವೆಯಾದ ಮನೆಗಳಲ್ಲಿ ಮನಸ್ತಾಪ ದೇವರ ವಿಷಯಕ್ಕಿಂತ ಹೆಚ್ಚಾಗಿ ತಟ್ಟೆಯಿಂದ ಶುರುವಾಗುತ್ತದೆ. "ಅವರೂ ಸಸ್ಯಾಹಾರಿಗಳೇ ತಾನೆ" ಅಂದುಕೊಳ್ಳುವುದೇ ಮೊದಲ ಎಡವಟ್ಟು.

ವಾರ ಮುಂಚೆಯೇ ಸೊಸೆಯನ್ನೋ ಅಳಿಯನನ್ನೋ ಕೇಳಿ. ಬೀಗರನ್ನೇ ಕೇಳಿದರೆ "ಏನಾದ್ರೂ ನಡೆಯುತ್ತೆ ಬಿಡಿ" ಅಂತಾರೆ, ಆಮೇಲೆ ಬರೀ ಮೊಸರನ್ನ ಉಂಡು ಏಳುತ್ತಾರೆ. ಮೂರು ವಿಷಯ ತಿಳಿದರೆ ಸಾಕು: ಏನು ತಿನ್ನುವುದಿಲ್ಲ, ಯಾವ ಹೊತ್ತಿನಲ್ಲಿ ತಿನ್ನುವುದಿಲ್ಲ, ಊಟಕ್ಕೆ ಮುಂಚೆ ಏನು ಮಾಡಬೇಕು.

ಕಟ್ಟುನಿಟ್ಟಿನ ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮೂಲಂಗಿ, ಕ್ಯಾರೆಟ್, ಜೇನುತುಪ್ಪ ಬೇಡ. ಪಲ್ಯಕ್ಕೆ ಬಾಳೆಕಾಯಿ ಹಾಕಿ. ಎಡವುವುದು ತರಕಾರಿಯಲ್ಲಲ್ಲ, ಅಂಗಡಿಯ ಮಸಾಲೆ ಪುಡಿಯಲ್ಲಿ. ಬೆಳ್ಳುಳ್ಳಿ ಇದೆಯೇ ಎಂದು ಪೊಟ್ಟಣದ ಹಿಂಬದಿ ಓದಿ. ಊಟ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ 6 ಗಂಟೆ ಹೊತ್ತಿಗೆಲ್ಲ ಸೂರ್ಯಾಸ್ತ, ಹಾಗಾಗಿ 5ಕ್ಕೇ ಎಲೆ ಹಾಕಿ.

ಮಾಧ್ವರನ್ನು ಏಕಾದಶಿಯ ದಿನ ಕರೆಯಲೇಬೇಡಿ. ಚಾತುರ್ಮಾಸ್ಯ, ಅಂದರೆ ನಾಲ್ಕು ತಿಂಗಳ ವ್ರತ, ಹಿಡಿದವರಾದರೆ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಬೇಳೆಕಾಳಿಲ್ಲ. ತರಕಾರಿ ಬಿಡುವ ಆ ಮೊದಲ ತಿಂಗಳಲ್ಲಿ (ಶಾಕವ್ರತ) ಹುಣಸೆ, ಮೆಣಸಿನಕಾಯಿಯೂ ಸಲ್ಲದು. ಒಣ ಮಾವಿನಕಾಯಿ, ಕಾಳುಮೆಣಸು ಬಳಸಿ.

ಲಿಂಗಾಯತ ಹಿರಿಯರಲ್ಲಿ ಹಲವರು ಇಷ್ಟಲಿಂಗ ಪೂಜೆ ಆಗದೆ ಉಣ್ಣುವುದಿಲ್ಲ. ಚಾಪೆ, ಒಂದು ತಂಬಿಗೆ ನೀರು, ಯಾರೂ ಓಡಾಡದ ಮೂಲೆ, ಇಷ್ಟು ಸಾಕು. ಪೂಜೆ ಮುಗಿಯುವ ತನಕ ಬಡಿಸಬೇಡಿ. ಪ್ರಸಾದವೆಂದು ಉಣ್ಣುವವರಿಗೆ ಎಲೆಯಲ್ಲಿ ಬಿಡುವುದು ಸಂಕಟ, ಆದ್ದರಿಂದ "ಇನ್ನೊಂದು ಹೋಳಿಗೆ" ಎಂಬ ಉಪಚಾರ ಇಲ್ಲಿ ಉಪದ್ರವ. "ನೀವೂ ಹಿಂದೂಗಳೇ ಅಲ್ವಾ?" ಎಂಬ ಮಾತೂ ಬೇಡ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿದಾಗ ಒಂದೇ ಮನೆಯೊಳಗೆ ಎರಡು ಅಭಿಪ್ರಾಯಗಳಿದ್ದವು, ಈಗಲೂ ಇವೆ.

ರಂಜಾನ್ ಉಪವಾಸವಿರುವ ಬೀಗರನ್ನು ಸಂಜೆಗೆ ಕರೆಯಿರಿ. ಹತ್ತಿರದ ಮಸೀದಿಯ ವೇಳಾಪಟ್ಟಿ ನೋಡಿ, ಮಗ್ರಿಬ್‌ಗೆ (ಸೂರ್ಯಾಸ್ತದ ನಮಾಜ್) ಮುಂಚೆಯೇ ಖರ್ಜೂರ, ನೀರು, ಹಣ್ಣು ಮುಂದಿಟ್ಟಿರಿ. ನಮಾಜ್ ಆದ ಮೇಲೆ ಊಟ. ಹಲಾಲ್ ಬಗ್ಗೆ ಖಾತ್ರಿಯಿಲ್ಲದಿದ್ದರೆ ಸಸ್ಯಾಹಾರ ಮಾಡಿ. ಒಳ್ಳೆಯ ಬಿಸಿಬೇಳೆಬಾತ್ ಎದುರು ಹೋಟೆಲಿನ ಬಿರಿಯಾನಿ ಬೇಕಿಲ್ಲ.

ಅರಿಶಿನ-ಕುಂಕುಮವನ್ನು ನೀವೇ ಹಣೆಗೆ ಹಚ್ಚಬೇಡಿ, ತಟ್ಟೆ ಮುಂದೆ ಹಿಡಿಯಿರಿ. ಬೇಕಾದವರು ತಗೊಳ್ಳುತ್ತಾರೆ, ಬೇಡದವರು ಕೈಮುಗಿಯುತ್ತಾರೆ. ಬೀಗಿತ್ತಿ ವಿಧವೆಯಾಗಿದ್ದರೂ ತಟ್ಟೆ ಅವರ ಮುಂದೆ ಬರಲೇಬೇಕು. ಪ್ರಸಾದವನ್ನು ಬೇರೆ ಬಟ್ಟಲಲ್ಲಿಟ್ಟು, ಇದು ಪೂಜೆಯದು ಎಂದು ಹೇಳಿಬಿಡಿ.

ಇಷ್ಟಾದ ಮೇಲೂ ಮಡಿಯ ಹೆಸರಿನಲ್ಲಿ ನಿಮ್ಮ ಕೈಯ ನೀರೇ ಬೇಡ ಎಂದರೆ ಅದು ವ್ರತವಲ್ಲ, ಜಾತಿ. ಅದಕ್ಕೆ ಬೇರೆ ಪಾತ್ರೆ ಕೊಳ್ಳಬೇಡಿ, ಬ್ರಾಹ್ಮಣ ಅಡುಗೆಯವರನ್ನು ಕರೆಸಬೇಡಿ. ಒಮ್ಮೆ ಒಪ್ಪಿದರೆ ಪ್ರತಿ ಹಬ್ಬಕ್ಕೂ ಅದೇ ಪದ್ಧತಿಯಾಗುತ್ತದೆ. ಮಾತಾಡಬೇಕಾದವರು ಅವರದೇ ಮಗ ಅಥವಾ ಮಗಳು, ಅದೂ ಎಲ್ಲರೆದುರು ಅಲ್ಲ, ಅವರ ಮನೆಗೇ ಹೋಗಿ. ಸೊಸೆಯ ತಂದೆತಾಯಿಗೆ ಅಳಿಯ ಹೇಳಿದರೆ ಅಹಂಕಾರ ಅನಿಸುತ್ತದೆ. ಮಗಳೇ ಹೇಳಿದರೆ ಕೋಪ ಬಂದರೂ ಮಾತು ಕಿವಿಗೆ ಬೀಳುತ್ತದೆ.